ಎರಡು ಬಡಿತಗಳ ನಡುವೆ

ಮಗಳ ಎದೆ ಆವತ್ತೂ ಕೆಂಪು ತೋರಿಸಿತು. ಹಾಸಿಗೆಯ ಅಂಚಿನಲ್ಲಿ ಕೂತು, ಒಂದು ಕಡೆಯ ಕಡ್ಡಿ ಸಡಿಲವಾಗಿದ್ದ ಕನ್ನಡಕವನ್ನು ಕೈಯಲ್ಲಿ ಒತ್ತಿ ಹಿಡಿದುಕೊಂಡೇ ಅವನು ಫೋನನ್ನು ನೋಡಿದ. ಕೆಂಪು ಚುಕ್ಕೆ, ಅದರ ಪಕ್ಕ ಒಂದು ಬಡಕಲು ಅಂಕಿ, ಕೆಳಗೆ ಇಷ್ಟು ದಿನಗಳ ಗೆರೆ. ಬೇಸಿಗೆಯ ಮೊದಲಲ್ಲಿ ಮೇಲೆಲ್ಲೋ ಕುಣಿದಾಡಿಕೊಂಡಿದ್ದ ಗೆರೆ ಒಂದು ದಿನ ಇದ್ದಕ್ಕಿದ್ದಂತೆ, ಕತ್ತಲಲ್ಲಿ ಮೆಟ್ಟಿಲು ತಪ್ಪಿದವರ ಹಾಗೆ, ಕೆಳಗೆ ಬಿದ್ದಿತ್ತು, ಬಿದ್ದದ್ದು ಎದ್ದಿರಲಿಲ್ಲ. ಇವತ್ತಾದರೂ ಏಳಬಹುದು ಎಂದು ದಿನಾ ಬೆಳಿಗ್ಗೆ ಕಣ್ಣು ಬಿಡುವ ಮೊದಲೇ ಅವನ ಕೈ ಫೋನಿಗಾಗಿ ತಡಕಾಡುತ್ತಿತ್ತು. ಭಾನುವಾರ ಆಯ್ಕೆಯ ಓಟ. ಹೆಸರು ಕೊಡುವುದಕ್ಕೆ ಇವತ್ತು ಸಂಜೆಯೇ ಕೊನೆ. ಇಂಥ ಎದೆ ಹೊತ್ತ ಹುಡುಗಿಯನ್ನು ಓಡಿಸುವುದೋ ಬಿಡುವುದೋ ಎಂದು ಯೋಚಿಸುತ್ತ ಕೂತ. ಪಕ್ಕದಲ್ಲಿ ಹೆಂಡತಿ ಮಲಗುವ ಕಡೆ ಹೊದಿಕೆ ಮಡಚಿ ದಿಂಬು ನೇರಮಾಡಿ ಇಟ್ಟಿತ್ತು, ರಾತ್ರಿ ಅಲ್ಲಿ ಯಾರೂ ಮಲಗಿಯೇ ಇರಲಿಲ್ಲವೇನೋ ಎನ್ನುವಷ್ಟು ಅಚ್ಚುಕಟ್ಟಾಗಿ. ಅವಳು ಯಾವಾಗ ಏಳುತ್ತಾಳೆ ಎಂಬುದು ಅವನಿಗೆ ಎಂದೂ ಗೊತ್ತಾದದ್ದಿಲ್ಲ.

ಅವನು ಓಟದ ಕೋಚು. ಒಂದು ಕಾಲಕ್ಕೆ ಅವನ ಕೈಯಲ್ಲಿ ಸ್ಟಾಪ್‌ವಾಚು, ಕೊರಳಲ್ಲಿ ಸೀಟಿ, ಬಾಯಲ್ಲಿ ಬೈಗುಳ ಇರುತ್ತಿದ್ದವು. ಈಗ ಅವನು ಬೈಯುವುದನ್ನು ಬಿಟ್ಟಿದ್ದಾನೆ, ಅದರ ಬಗ್ಗೆ ಅವನಿಗೆ ಒಳಗೊಳಗೇ ಹೆಮ್ಮೆಯೂ ಇದೆ. ಈಗ ಅವನ ಹುಡುಗ ಹುಡುಗಿಯರೆಲ್ಲ ಮಲಗುವಾಗ ಮೇಲ್ದೋಳಿಗೆ ಒಂದು ಪಟ್ಟಿ ಕಟ್ಟಿಕೊಳ್ಳುತ್ತಾರೆ. ಪಟ್ಟಿಯ ಒಳಮೈಯಲ್ಲಿ ನಾಣ್ಯದಗಲದ ಒಂದು ಬಿಲ್ಲೆ. ಅದರ ಹಸಿರು ಬೆಳಕು ಚರ್ಮದೊಳಗೆ ಇಣುಕಿ ಎದೆಬಡಿತವನ್ನು ಹಿಡಿಯುತ್ತದೆ, ಒಂದು ಬಡಿತಕ್ಕೂ ಮುಂದಿನ ಬಡಿತಕ್ಕೂ ನಡುವಿನ ಬಿಡುವನ್ನು ಅಳೆಯುತ್ತದೆ. ಬೆಳಿಗ್ಗೆ ಅದು ಮಕ್ಕಳ ಫೋನಿಗೆ, ಅಲ್ಲಿಂದ ಇವನ ಫೋನಿಗೆ ಬರುತ್ತದೆ. ತಂದೆತಾಯಂದಿರಿಗೆ ಅವನು ಇದನ್ನು ಎಷ್ಟು ಸಲ ವಿವರಿಸಿದ್ದಾನೋ. ಚೆನ್ನಾಗಿ ನಿದ್ದೆ ಮಾಡಿ ದಣಿವಾರಿಸಿಕೊಂಡ ಎದೆ ಒಂದೇ ಸಮನೆ ಬಡಿಯುವುದಿಲ್ಲ. ಒಂದು ಬಿಡುವು ತುಸು ಉದ್ದ, ಇನ್ನೊಂದು ತುಸು ಗಿಡ್ಡ, ಹೀಗೆ ಹೆಚ್ಚುಕಡಿಮೆ ಆಡಿಕೊಂಡಿರುತ್ತದೆ. ಆ ಆಟ ಇದ್ದಷ್ಟೂ ಒಳ್ಳೆಯದು. ಮೈಮೇಲೆ ಭಾರ ಹೆಚ್ಚಾದಾಗ, ನಿದ್ದೆ ಕೆಟ್ಟಾಗ, ಮನಸ್ಸು ಕೊರಗುವಾಗ ಎದೆ ಆಟ ಬಿಟ್ಟು ಟಕಟಕ ಎಂದು ಒಂದೇ ತಾಳ ಹಿಡಿಯುತ್ತದೆ. ‘ಗಡಿಯಾರದ ಹಾಗೆ ಬಡಿಯೋ ಎದೆ ದಣಿದ ಎದೆ’ ಎನ್ನುವುದು ಅವನ ಮಾತು. ಬೆನ್ನ ಹಿಂದೆ ಮಕ್ಕಳು ಅದನ್ನು ಅವನದೇ ದನಿಯಲ್ಲಿ ಹೇಳಿ ನಗುತ್ತಾರೆಂದೂ ಅವನಿಗೆ ಗೊತ್ತು. ಹಸಿರು ಬಂದರೆ ಗಟ್ಟಿ ಓಟ, ಹಳದಿ ಬಂದರೆ ಹಗುರ ಓಟ, ಕೆಂಪು ಬಂದರೆ ಭಾರ ಇಳಿಸುವುದು. ಇಷ್ಟೇ ಶಾಸ್ತ್ರ. ನೋಡುವವರ ಕಣ್ಣು ಮೋಸ ಹೋಗಬಹುದು, ಓಡುವವರ ಬಾಯಿ ಸುಳ್ಳಾಡಬಹುದು, ಎದೆಗೆ ಸುಳ್ಳು ಹೇಳಲು ಬರುವುದಿಲ್ಲ ಎಂದು ಅವನು ಗಟ್ಟಿಯಾಗಿ ನಂಬಿದ್ದ.

ಅಡುಗೆಮನೆಯ ಮೇಜಿಗೆ ಬಂದು ಕೂತಾಗ ಮಗಳು ಮೊಟ್ಟೆಯ ಸಿಪ್ಪೆ ಬಿಡಿಸುತ್ತಿದ್ದಳು. ಒಲೆಯ ಮುಂದೆ ಹೆಂಡತಿ, ಇವರಿಬ್ಬರಿಗೂ ಬೆನ್ನು ಮಾಡಿ. ಅವನು ದನಿಯನ್ನು ಆದಷ್ಟು ಮೆತ್ತಗೆ ಮಾಡಿಕೊಂಡು ದಿನಾ ಕೇಳುವುದನ್ನೇ ಕೇಳಿದ: ನಿದ್ದೆ ಬಂತಾ, ಹೊಟ್ಟೆ ಸರಿಯಿದೆಯಾ, ಎದೆ ಹೊಡೆದುಕೊಂಡ ಹಾಗೆ ಏನಾದರೂ ಆಯಿತಾ, ಮನಸ್ಸಿಗೆ ಏನಾದರೂ ಹಚ್ಚಿಕೊಂಡಿದ್ದೀಯಾ, ಹೇಳು, ನಾನು ಬೈಯಲ್ಲ. ಮಗಳು ತಲೆ ಎತ್ತದೆ ಚೆನ್ನಾಗಿದ್ದೀನಿ ಸರ್ ಎಂದಳು. ಮೈದಾನದಲ್ಲಿ ಎಲ್ಲರ ಹಾಗೆ ನೀನೂ ಸರ್ ಅನ್ನಬೇಕು ಎಂದು ಹೇಳಿಕೊಟ್ಟವನು ಅವನೇ. ಅದು ಈಗೀಗ ಮನೆಯೊಳಗೂ ಕಾಲಿಟ್ಟಿತ್ತು. ಹಾಗೆ ಕರೆದಾಗಲೆಲ್ಲ ಅವನಿಗೆ ಒಳಗೆ ಸಣ್ಣಗೆ ಚುರುಕ್ಕೆನ್ನುತ್ತಿತ್ತು, ಆದರೆ ತಾನೇ ನೆಟ್ಟ ಗಿಡ, ಹಣ್ಣು ಹುಳಿ ಅಂತ ಯಾರ ಹತ್ತಿರ ಹೇಳಿಕೊಳ್ಳುವುದು. ಒಲೆಯ ಕಡೆಯಿಂದ ಹೆಂಡತಿ, ತಿರುಗದೆಯೇ, ನಡುವೆ ಒಂದು ಸಲ ಎಚ್ಚರ ಆಗಿತ್ತು ಅನ್ಸುತ್ತೆ, ಆಮೇಲೆ ನಿದ್ದೆ ಹತ್ತಲಿಲ್ಲ ಎಂದಳು. ಮಗಳ ನಿದ್ದೆಯ ಲೆಕ್ಕ ತಾಯಿಗೆ ಹೇಗೆ ಗೊತ್ತಿರುತ್ತದೋ ಎಂದು ಅವನಿಗೆ ಆಶ್ಚರ್ಯವೂ ಆಯಿತು, ಸಮಾಧಾನವೂ ಆಯಿತು. ಹೆತ್ತ ಕರುಳು ಅನ್ನುವುದು ಸುಳ್ಳಲ್ಲ. ಮಲಗುವಾಗ ಅವಳಿಗೆ ಬಿಸಿ ಹಾಲು ಕೊಡ್ತಿದ್ದೀಯಲ್ಲ ಎಂದು ಕೇಳಿದ. ಹೂಂ, ಲೋಟ ದಿನಾ ಖಾಲಿ ಆಗ್ತಿದೆ ಎಂದಳು. ಮಗಳು ಮೊಟ್ಟೆಯನ್ನು ಇಡಿಯಾಗಿ ಬಾಯಿಗೆ ತುಂಬಿಕೊಂಡು ಎದ್ದುಹೋದಳು. ಒಲೆಯ ಪಕ್ಕದ ಕಿಟಕಿಯಲ್ಲಿ ಬೆಳಕು ಬೀಳುವ ಹೊತ್ತಿಗೆ ಸರಿಯಾಗಿ ಟೀ ಅವನ ಮುಂದೆ ಬಂತು, ಎಂದಿನ ಲೋಟ, ಎಂದಿನ ಜಾಗ, ಹಿಡಿಕೆ ಅವನ ಬಲಗೈ ಕಡೆಗೆ. ಮನೆಗೆ ಊಟಕ್ಕೆ ಬಂದ ಕ್ಲಬ್ಬಿನವರ ಮುಂದೆ ಅವನು ಒಮ್ಮೆ, ನಮ್ಮನೆಯವಳು ಗಡಿಯಾರ ಇದ್ದ ಹಾಗೆ, ಅವಳನ್ನ ನೋಡಿ ನೀವು ಟೈಮ್ ಸರಿ ಮಾಡ್ಕೋಬಹುದು ಎಂದಿದ್ದ. ಎಲ್ಲರೂ ನಕ್ಕಿದ್ದರು. ಬಡಿಸುತ್ತಿದ್ದ ಅವಳೂ ನಕ್ಕಿದ್ದಳು.

ಅವಳು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಬಂದವರ ಮುಖ ನೋಡಿದ ಕೂಡಲೇ ಯಾವ ಫ್ರೇಮು ಕೂರುತ್ತದೆ ಎಂದು ಹೇಳುವ ಕಣ್ಣು ಅವಳದು. ಗೆರೆ ಬಿದ್ದ ಕೆಲವೇ ದಿನಕ್ಕೆ, ಇದೇ ಮೇಜಿನ ಮುಂದೆ, ಅಂಗಡಿಯ ಯಜಮಾನರು ಊರಿನ ಆ ಕಡೆ ಇನ್ನೊಂದು ಅಂಗಡಿ ತೆರೆಯುತ್ತಾರಂತೆ, ಅದನ್ನು ನೀವೇ ನೋಡಿಕೊಳ್ಳಿ ಅಂದರು ಎಂದು ಹೇಳಿದ್ದಳು. ಹೇಳುವಾಗ ಒದ್ದೆ ಕೈಯನ್ನು ಒರೆಸಿಕೊಂಡು ಕುರ್ಚಿ ಎಳೆದು ಕೂತಿದ್ದಳು. ಬೆಳಗಿನ ಹೊತ್ತು ಅವಳು ಕೂತದ್ದನ್ನು ಅವನು ನೋಡಿದ್ದು ಅದೇ ಮೊದಲಿರಬೇಕು. ಅವನ ಕೈಯಲ್ಲಿ ಆಗಲೂ ಫೋನು, ಫೋನಿನಲ್ಲಿ ಕೆಂಪು ಚುಕ್ಕೆ. ಈಗ ಬೇಡ, ಇವಳ ಎದೆ ಹೀಗಿರುವಾಗ ಮನೆಯಲ್ಲಿ ತಾಯಿ ಇರಬೇಕು, ಅಷ್ಟು ದೂರ ಹೋಗಿ ಬರೋದು ಅಂದ್ರೆ ಸಂಜೆ ಯಾರು ನೋಡ್ಕೋತಾರೆ ಎಂದಿದ್ದ. ಸಿಟ್ಟಿನಿಂದ ಹೇಳಿದ್ದಲ್ಲ. ಈಗಲೂ ಮೈದಾನಕ್ಕೆ ಸ್ಕೂಟರ್ ಓಡಿಸುತ್ತ ಆ ಮಾತನ್ನು ತಿರುವಿ ನೋಡಿದ, ಅದರಲ್ಲಿ ಸಿಟ್ಟಿನ ಸೊಲ್ಲೇ ಇರಲಿಲ್ಲ. ಅವಳು ಮಗಳ ಮುಖವನ್ನೊಮ್ಮೆ ನೋಡಿ, ಸರಿ ಎಂದು ಎದ್ದಿದ್ದಳು. ಮಾರನೆಯ ದಿನದಿಂದ ಗೆರೆ ಇನ್ನೂ ಪಾತಾಳಕ್ಕಿಳಿಯಿತು. ಏರುದಾರಿಯಲ್ಲಿ ಓಡಿಸಿದ್ದು ಹೆಚ್ಚಾಯಿತು ಎಂದು ಅವನು ತನ್ನನ್ನೇ ಬೈದುಕೊಂಡು ಏರುದಾರಿಯನ್ನು ನಿಲ್ಲಿಸಿದ್ದ. ಡಾಕ್ಟರ ಹತ್ತಿರವೂ ಕರೆದುಕೊಂಡು ಹೋಗಿದ್ದ. ಅವರು ಎದೆಗೆ ತಂತಿ ಅಂಟಿಸಿ, ಕಾಗದ ಎಳೆದು ನೋಡಿ, ಇದು ಕಲ್ಲುಗುಂಡು ಇದ್ದ ಹಾಗಿದೆ, ಇದನ್ನ ಯಾಕೆ ಕರ್ಕೊಂಡು ಬಂದ್ರಿ, ನೀವು ಒಂದ್ಸಲ ತೋರಿಸ್ಕೊಳ್ಳಿ ಎಂದು ನಕ್ಕಿದ್ದರು. ಅವರಿಗೇನು ಗೊತ್ತು ಎಂದುಕೊಂಡಿದ್ದ.

ಮೈದಾನದಲ್ಲಿ ಮಕ್ಕಳು ಮೈ ಬಿಸಿ ಮಾಡಿಕೊಳ್ಳುತ್ತಿದ್ದರು. ಕ್ಲಬ್ಬಿನ ಕಾರ್ಯದರ್ಶಿ ಬೇಲಿಯಾಚೆಯಿಂದಲೇ, ಏನ್ ಡಾಕ್ಟ್ರೇ, ಇವತ್ತು ಯಾರ ಎದೆ ಏನಂತು ಎಂದು ಕೂಗಿ ಒಳಗೆ ಬಂದ. ಹತ್ತಿರದಲ್ಲಿದ್ದ ಹುಡುಗರು ಮುಖ ಪಕ್ಕಕ್ಕೆ ತಿರುಗಿಸಿ ನಕ್ಕರು. ಅವನೂ ನಗಬೇಕಾಯಿತು. ಕಾರ್ಯದರ್ಶಿಗೆ ಎರಡು ಮಾತು ಬೇಕಿತ್ತು. ಒಂದು, ಭಾನುವಾರಕ್ಕೆ ಮಗಳ ಹೆಸರು ಇರುತ್ತದೋ ಇಲ್ಲವೋ. ಇಲ್ಲದಿದ್ದರೆ ತಂಡದಲ್ಲಿ ಎಲ್ಲರೂ ಉದ್ದಕಾಲಿ ಎಂದು ಕರೆಯುವ ಇನ್ನೊಬ್ಬ ಹುಡುಗಿಯ ಹೆಸರು ಕಳಿಸುತ್ತಾನೆ, ಅವಳ ಎದೆಯಲ್ಲಿ ಏನೇ ಬಣ್ಣ ಇರಲಿ ಅವಳು ಓಡುತ್ತಾಳೆ. ಇನ್ನೊಂದು, ಮುಂದಿನ ವಾರ ಬೇರೆ ಊರಿನಲ್ಲಿ ಚಿಕ್ಕ ಹುಡುಗರಿಗೆ ಹತ್ತು ದಿನದ ಶಿಬಿರ. ಹೋಗುವುದಿಲ್ಲ ಅಂದಿದ್ದೀಯಂತೆ, ಇನ್ನೊಂದು ಸಲ ಯೋಚನೆ ಮಾಡು, ಕಳಿಸೋಕೆ ನನ್ನ ಹತ್ತಿರ ಬೇರೆ ಯಾರೂ ಇಲ್ಲ. ಹೆಸರಿನ ಮಾತು ಸಂಜೆ ಹೇಳುತ್ತೇನೆ ಎಂದ ಅವನು. ಶಿಬಿರದ ಮಾತು ಬಿಟ್ಟುಬಿಡು, ಮಗಳನ್ನು ಇಂಥ ಸ್ಥಿತಿಯಲ್ಲಿ ಬಿಟ್ಟು ಹತ್ತು ದಿನ ಹೇಗೆ ಹೋಗಲಿ ಎಂದ. ಕಾರ್ಯದರ್ಶಿ ಟ್ರ್ಯಾಕಿನ ಆ ತುದಿಯಲ್ಲಿ ಓಡುತ್ತಿದ್ದ ಮಗಳನ್ನು ಹುಬ್ಬಿಗೆ ಕೈಯಿಟ್ಟು ನೋಡಿ, ಯಾವ ಸ್ಥಿತಿ ಮಾರಾಯಾ, ಹುಡುಗಿ ಗಾಳೀಲಿ ತೇಲ್ತಾ ಇದೆ ಎಂದು ಹೇಳಿ ಹೋದ.

ತೇಲುತ್ತಿದ್ದದ್ದು ನಿಜ. ಅವನ ಕಣ್ಣಿಗೂ ಕಾಣುತ್ತಿತ್ತು, ಅದೇ ಅವನನ್ನು ಇನ್ನಷ್ಟು ಹೆದರಿಸಿತು. ಹಗುರವಾಗಿ ಓಡು ಎಂದು ಬಿಟ್ಟಿದ್ದರೂ ಅವಳ ಕಾಲು ನೆಲಕ್ಕೆ ತಾಗುತ್ತಿದ್ದದ್ದು ಕೇಳಿಸುತ್ತಿರಲಿಲ್ಲ. ಭುಜ ಸಡಿಲ, ಕುತ್ತಿಗೆ ಸಡಿಲ, ತಿರುವಿನಲ್ಲಿ ಲಗಾಮು ಎಳೆದು ಹಿಡಿದ ಕುದುರೆ ಹೇಗೋ ಹಾಗೆ ತನ್ನನ್ನು ತಾನೇ ತಡೆದುಕೊಳ್ಳುತ್ತಿದ್ದಳು. ಒಳಗೆ ಹೀಗೆ ಕುಸಿದಿರುವ ಹುಡುಗಿ ಹೊರಗೆ ಹೀಗೆ ಕಾಣುವುದೆಂದರೆ ಕಾಯಿಲೆ ಎಷ್ಟು ಆಳಕ್ಕೆ ಹೋಗಿರಬೇಕು. ಅವಳು ಅವನ ಮುಂದೆ ಹಾದು ಹೋದಾಗ ತೋಳಿಲ್ಲದ ಬನಿಯನ್ನಿನಲ್ಲಿ ಅವಳ ಬರಿ ತೋಳು ಬಿಸಿಲಿಗೆ ಮಿಂಚಿತು. ಭುಜದಿಂದ ಮೊಣಕೈವರೆಗೆ ಒಂದೇ ಬಣ್ಣ. ಅಲ್ಲಿ ಏನೋ ಇರಬೇಕಾದ್ದು ಇಲ್ಲ ಎಂದು ಅವನಿಗೆ ಅನ್ನಿಸಿತು. ಏನೆಂದು ಹೊಳೆಯಲಿಲ್ಲ. ಸೊರಗಿದ್ದಾಳೆ, ಅದಕ್ಕೇ ಹಾಗೆ ಕಾಣುತ್ತದೆ ಎಂದು ಸುಮ್ಮನಾದ. ಆದರೂ ಹಲ್ಲಿನ ಸಂದಿಯ ನಾರಿನ ಹಾಗೆ ಅದು ಬೆಳಗಿನಿಂದ ಮಧ್ಯಾಹ್ನದವರೆಗೂ ಅವನನ್ನು ಕಾಡುತ್ತಲೇ ಇತ್ತು.

ಗೆರೆ ಒಂದೇ ಒಂದು ಸಲ ಮೇಲೆದ್ದದ್ದುಂಟು. ಹಿಂದಿನ ತಿಂಗಳು ಅವನು ಹುಡುಗರ ತಂಡ ಕಟ್ಟಿಕೊಂಡು ಮೂರು ದಿನ ಬೇರೆ ಊರಿಗೆ ಹೋಗಿದ್ದಾಗ. ಅಲ್ಲಿಯ ಹಾಸ್ಟೆಲಿನ ಕಬ್ಬಿಣದ ಮಂಚದ ಮೇಲೆ ಕೂತು, ಮೊದಲ ಬೆಳಿಗ್ಗೆ ಹಳದಿ, ಮಾರನೆಯ ಬೆಳಿಗ್ಗೆ ಹಳದಿಯ ಮೇಲ್ತುದಿ, ಅದರ ಮಾರನೆಯ ಬೆಳಿಗ್ಗೆ ಅಪ್ಪಟ ಹಸಿರು ಕಂಡಾಗ ಅವನ ಕಣ್ಣಲ್ಲಿ ನೀರೇ ಬಂದಿತ್ತು. ಹೊರಡುವ ಮುಂಚೆ, ಮೂರು ದಿನ ಪೂರ್ತಿ ವಿಶ್ರಾಂತಿ ಎಂದು ಮಗಳಿಗೆ ಕಟ್ಟುನಿಟ್ಟಾಗಿ ಹೇಳಿದ್ದ, ಅದರ ಫಲ. ಹಿಂತಿರುಗಿ ಬಂದು ಒಂದು ರಾತ್ರಿ ಕಳೆಯುವುದರೊಳಗೆ ಮತ್ತೆ ಕೆಂಪು. ಇಷ್ಟಾದರೂ ಒಂದು ಮಾತಂತೂ ಸ್ಪಷ್ಟವಾಗಿತ್ತು: ಭಾರ ಇಳಿಸಿದರೆ ಈ ಎದೆ ಏಳುತ್ತದೆ. ಎದ್ದೇ ಏಳುತ್ತದೆ. ಹಾಗಿದ್ದ ಮೇಲೆ ಭಾನುವಾರದ ಓಟಕ್ಕೆ ಆಸೆಪಟ್ಟು ಮಗುವನ್ನು ಕೊಲ್ಲುವುದೇಕೆ. ಮಧ್ಯಾಹ್ನ ಮೈದಾನದ ಬೀಗ ಹಾಕುವ ಹೊತ್ತಿಗೆ ಅವನು ತೀರ್ಮಾನ ಮಾಡಿದ್ದ. ಓಡಿಸುವುದಿಲ್ಲ. ಮಗಳು ಅಳುತ್ತಾಳೆ, ಅಳಲಿ. ಎರಡು ವರ್ಷ ಇದಕ್ಕಾಗಿಯೇ ಬೆವರು ಸುರಿಸಿದವಳು ಅಳದೆ ಇನ್ನೇನು. ಅವಳ ಮುಂದೆ ಕೂತು, ತಲೆ ಸವರಿ, ಓಟ ಮತ್ತೆ ಬರುತ್ತೆ, ಎದೆ ಒಂದೇ ಇರೋದು ಎಂದು ಹೇಳಬೇಕು. ಆ ಮಾತನ್ನು ಅವನು ಸ್ಕೂಟರ್ ಮೇಲೆ ಎರಡು ಮೂರು ಸಲ ಹೇಳಿಕೊಂಡು ನೋಡಿದ. ಎಷ್ಟೋ ದಿನದ ಮೇಲೆ ತಾನು ಒಬ್ಬ ಒಳ್ಳೆಯ ತಂದೆ ಎಂದು ಅವನಿಗೆ ಅನ್ನಿಸಿತು.

ಕನ್ನಡಕದ ಕಡ್ಡಿ ಪೂರ್ತಿ ಕಳಚಿ ಕೈಗೆ ಬಂದಿದ್ದರಿಂದ ದಾರಿಯಲ್ಲಿ ಅಂಗಡಿಗೆ ಹೋದ. ಹೆಂಡತಿಗೆ ಆವತ್ತು ಅರ್ಧ ದಿನ, ಅವಳಾಗಲೇ ಮನೆಗೆ ಹೋಗಿದ್ದಳು. ಅವಳ ಕೈಕೆಳಗೆ ಕೆಲಸ ಕಲಿತ ಹುಡುಗಿ ಸಣ್ಣ ಸ್ಕ್ರೂಡ್ರೈವರ್ ಹಿಡಿದು ತಿರುಪು ಕೂರಿಸುತ್ತ, ನಿಮ್ಮ ಮಗಳು ಹೇಗಿದ್ದಾಳೆ ಸರ್, ಬೇಗ ಹುಷಾರಾಗ್ಲಿ ಎಂದಳು. ಆಮೇಲೆ ಸಂಕೋಚದಿಂದ, ಅಕ್ಕ ಬೇಡ ಅಂದಿದ್ದಕ್ಕೆ ಹೊಸ ಅಂಗಡಿ ನನ್ನ ಪಾಲಿಗೆ ಬಂತು, ನಿಜ ಹೇಳ್ಬೇಕಂದ್ರೆ ಅದು ಅಕ್ಕನದ್ದೇ, ಗೋಡೆಗೆ ಬಣ್ಣ ಯಾವುದು, ಕನ್ನಡಿ ಎಲ್ಲಿ, ಎಲ್ಲಾ ಅವರೇ ಯೋಚಿಸಿಟ್ಟಿದ್ರು ಎಂದಳು. ಅವನು ಎಷ್ಟಾಯಿತು ಎಂದು ಕೇಳಿದ. ಅಕ್ಕನ ಮನೆಯವರಿಗೆ ಏನು ಸರ್ ದುಡ್ಡು ಎಂದು ಅವಳು ಕನ್ನಡಕವನ್ನು ಬಟ್ಟೆಯಿಂದ ಒರೆಸಿ ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು. ಗೋಡೆಯ ಬಣ್ಣದ ಮಾತು ಅವನಿಗೆ ಗೊತ್ತೇ ಇರಲಿಲ್ಲ. ಹೊರಗೆ ಬಂದು ಸ್ಕೂಟರಿನ ಹತ್ತಿರ ನಿಂತು, ಯಾವ ಬಣ್ಣ ಎಂದು ಕೇಳಬಹುದಿತ್ತು ಅಂದುಕೊಂಡ. ಆದರೆ ತಿರುಗಿ ಒಳಗೆ ಹೋಗಲು ನಾಚಿಕೆಯಾಯಿತು.

ಮನೆಯಲ್ಲಿ ಮಗಳಿರಲಿಲ್ಲ. ಹೆಂಡತಿ ಅಡುಗೆಮನೆಯಲ್ಲಿ ಕುರ್ಚಿಯ ಮೇಲೆ ಹತ್ತಿ, ಎತ್ತರದ ಹಲಗೆಯಿಂದ ದೊಡ್ಡ ಡಬ್ಬಿಯೊಂದನ್ನು ಇಳಿಸುತ್ತಿದ್ದಳು. ಹಿಡಿದುಕೊಳ್ಳಲೆಂದು ಅವನು ಹತ್ತಿರ ಹೋದ. ಕೈ ಮೇಲೆತ್ತಿದ್ದರಿಂದ ಅವಳ ಬಟ್ಟೆಯ ಸಡಿಲ ತೋಳು ಭುಜದವರೆಗೂ ಜಾರಿತ್ತು. ಮೇಲ್ದೋಳಿನ ಮೆತ್ತನೆಯ ಭಾಗದಲ್ಲಿ, ಎರಡು ಬೆರಳಗಲಕ್ಕೆ, ಸುತ್ತಲೂ ಒಂದು ಮಸುಕು ಬಳೆಯಂಥ ಗುರುತು. ಅದರೊಳಗೆ ನೇಯ್ಗೆಯ ಅಚ್ಚು, ಸಣ್ಣ ಸಣ್ಣ ಚೌಕುಳಿ. ಒಳಬದಿಯಲ್ಲಿ ನಾಣ್ಯದಷ್ಟಗಲ ತಗ್ಗಿದ ಒಂದು ಕಲೆ. ಆ ಗುರುತನ್ನು ಅವನು ಎಷ್ಟು ತೋಳುಗಳ ಮೇಲೆ ನೋಡಿಲ್ಲ. ಮಕ್ಕಳ ಬೆವರೊರೆಸುವಾಗ, ಭುಜ ತಿರುಗಿಸಿ ನೋಡುವಾಗ, ಪಟ್ಟಿಯನ್ನು ದಿನಾ ಒಂದೇ ಜಾಗಕ್ಕೆ ಕಟ್ಟಬೇಡಿ, ಚರ್ಮ ಕೆಡುತ್ತೆ ಎಂದು ಗದರುವಾಗ. ವಾರಗಟ್ಟಲೆ ಕಟ್ಟಿದವರಿಗೆ ಮಾತ್ರ ಅದು ಹಗಲೂ ಉಳಿಯುತ್ತದೆ. ಇವಳು ಯಾವಾಗ ಓಡೋಕೆ ಶುರು ಮಾಡಿದಳು ಎಂಬ ಪೆದ್ದು ಯೋಚನೆ ಮೊದಲು ಬಂತು. ಅದರ ಹಿಂದೆಯೇ ಬೆಳಿಗ್ಗೆ ಬಿಸಿಲಿನಲ್ಲಿ ಹಾದುಹೋದ ಮಗಳ ತೋಳು, ಭುಜದಿಂದ ಮೊಣಕೈವರೆಗೆ ಒಂದೇ ಬಣ್ಣದ ಆ ನುಣುಪು ತೋಳು ಕಣ್ಣ ಮುಂದೆ ಬಂತು. ಅಲ್ಲಿ ಇರಬೇಕಾದ್ದು ಇಲ್ಲಿತ್ತು. ಅವಳು ಕೆಳಗಿಳಿದು, ಡಬ್ಬಿಯನ್ನು ಮೇಜಿನ ಮೇಲಿಟ್ಟು, ಅವನ ಕಣ್ಣು ಎಲ್ಲಿದೆ ಎಂದು ನೋಡಿ, ತೋಳನ್ನು ಕೆಳಗೆಳೆದುಕೊಂಡಳು.

“ಯಾವತ್ತಿಂದ?” ಎಂದ ಅವನು.

ಅವಳು ಸುಳ್ಳು ಹೇಳಲಿಲ್ಲ. ಕುರ್ಚಿಯನ್ನು ಅದರ ಜಾಗಕ್ಕೆ ಸರಿಸಿದಳು, ಆಮೇಲೆ ಅದರ ಬೆನ್ನು ಹಿಡಿದುಕೊಂಡೇ ಹೇಳಿದಳು. “ಒಂದಿನ ನಿಮ್ಮ ಮಗಳು ಗೆಳತಿ ಜೊತೆ ಜಗಳ ಆಡ್ಕೊಂಡು ಬಂದು ಅಳ್ತಾ ಇದ್ಲು. ಬೆಳಿಗ್ಗೆ ಅಪ್ಪನಿಗೆ ಗೊತ್ತಾಗಿಬಿಡುತ್ತೆ, ಏನಾಯ್ತು ಏನಾಯ್ತು ಅಂತ ಕೆದಕ್ತಾರೆ ಅಂದ್ಲು. ಅತ್ತಿದ್ದೂ ಗೊತ್ತಾಗುತ್ತಾ ಅದರಲ್ಲಿ ಅಂತ ಕೇಳ್ದೆ. ಎಲ್ಲಾ ಗೊತ್ತಾಗುತ್ತೆ ಅಮ್ಮ, ನಂದು ಅಂತ ಏನೂ ಉಳಿದಿಲ್ಲ ಅಂದ್ಲು. ಕೊಡು ಇಲ್ಲಿ, ನಾನ್ ಕಟ್ಕೋತೀನಿ, ನನ್ನ ಎದೇಲಿ ಗೊತ್ತಾಗೋಕೆ ಏನಿದೆ ಅಂದೆ.”

ಒಂದೇ ರಾತ್ರಿ ಅಂದುಕೊಂಡದ್ದು. ಬೆಳಿಗ್ಗೆ ಅಷ್ಟು ಕೆಂಪು ಬರುತ್ತದೆ ಎಂದು ಅವಳಿಗೇನು ಗೊತ್ತು. ಅದನ್ನು ನೋಡಿ ಅವನು ಗಾಬರಿಯಾಗಿದ್ದನ್ನು ಕಂಡು ಇಬ್ಬರಿಗೂ ಬಾಯಿ ಕಟ್ಟಿಹೋಯಿತು. ಹೇಳೋಣ ಹೇಳೋಣ ಎನ್ನುತ್ತಲೇ ದಿನ ಹೋದವು. ಓಟದ ಬಗ್ಗೆ ಚಿಂತೆ ಬೇಡ, ಮಗಳು ಮಧ್ಯಾಹ್ನದ ಮೇಲೆ ಕಾಲುವೆಯ ಪಕ್ಕದ ದಾರಿಯಲ್ಲಿ ತಾನೇ ಓಡಿಕೊಳ್ಳುತ್ತಾಳೆ, ಜಗಳ ಆಡಿದ ಆ ಗೆಳತಿಯೇ ಸೈಕಲ್ಲಿನಲ್ಲಿ ಹಿಂದೆ ಬಂದು ಹೊತ್ತು ನೋಡುತ್ತಾಳೆ, ಹಿಂದೆಂದಿಗಿಂತ ಚೆನ್ನಾಗಿ ಓಡುತ್ತಿದ್ದಾಳಂತೆ, ಈಗಲೂ ಅಲ್ಲೇ ಹೋಗಿದ್ದಾಳೆ. ಇಷ್ಟನ್ನೂ ಅವಳು, ಗಿರಾಕಿಗೆ ಲೆನ್ಸಿನ ನಂಬರು ಹೇಳುವಷ್ಟು ಸಲೀಸಾಗಿ ಹೇಳಿದಳು.

ಅವನಿಗೆ ಮೊದಲು ಬಂದದ್ದು ಸಿಟ್ಟು. ಎಷ್ಟೋ ದಿನ ಬಾಯಿಗೆ ಬಂದಿರದ ಹಳೆಯ ಬೈಗುಳವೊಂದು ಗಂಟಲವರೆಗೂ ಬಂದು ನಿಂತಿತು. ತನ್ನ ಇಷ್ಟು ದಿನದ ಲೆಕ್ಕವೆಲ್ಲ, ನಿಲ್ಲಿಸಿದ ಏರುದಾರಿ, ಡಾಕ್ಟರ ಮುಂದೆ ಆದ ಅವಮಾನ, ಕಾರ್ಯದರ್ಶಿಯ ನಗು. ಅವನಿಲ್ಲದೆ, ಅವನು ಹೇಳಿದ್ದಕ್ಕೆ ತದ್ವಿರುದ್ಧವಾಗಿ ಓಡಿ ಮಗಳು ಗಟ್ಟಿಯಾಗಿದ್ದಳು. ಅದನ್ನು ಅವನ ಕಣ್ಣು ಬೆಳಿಗ್ಗೆಯೇ ಹೇಳಿತ್ತು, ಅವನು ಕಣ್ಣನ್ನೇ ನಂಬಿರಲಿಲ್ಲ. ಬಾಯಿ ತೆರೆದ. ಅಷ್ಟರಲ್ಲಿ ಗೆರೆ ನೆನಪಾಯಿತು. ಆ ಗೆರೆಯನ್ನು ಅವನು ಬಾಯಿಪಾಠ ಮಾಡಿದ್ದ, ಎಲ್ಲಿ ತಗ್ಗು, ಎಲ್ಲಿ ಕುಳಿ ಎಂದು ಕಣ್ಣು ಮುಚ್ಚಿ ಹೇಳಬಲ್ಲ. ಅದರ ಒಂದೊಂದು ತಗ್ಗಿಗೂ ಅವನು ಕೊಟ್ಟಿದ್ದ ಕಾರಣಗಳು, ಬಿಸಿಲು, ಏರುದಾರಿ, ನೀರು ಕಡಿಮೆ ಕುಡಿದದ್ದು, ಒಂದೊಂದಾಗಿ ಕಳಚಿ ಬಿದ್ದವು. ಗೆರೆ ಪಾತಾಳಕ್ಕಿಳಿದದ್ದು, ಸರಿ ಎಂದು ಹೇಳಿ ಅವಳು ಮೇಜಿನಿಂದ ಎದ್ದ ಮಾರನೆಯ ದಿನದಿಂದ. ಅವಳದೇ ದಣಿದ ಎದೆಯನ್ನು ಅವಳ ಮುಂದೆ ಹಿಡಿದು ತೋರಿಸಿ, ಇದಕ್ಕಾಗಿ ನೀನು ಮನೆಯಲ್ಲಿರು ಎಂದು ಅವನು ಹೇಳಿದ್ದ. ಗಡಿಯಾರ ಇದ್ದ ಹಾಗೆ ಎಂದು ನಾಲ್ಕು ಜನರ ಮುಂದೆ ಹೊಗಳಿದ್ದ. ಇನ್ನು ಹಸಿರು. ಅವನು ಕಬ್ಬಿಣದ ಮಂಚದ ಮೇಲೆ ಕೂತು ಕಣ್ಣೀರು ಹಾಕಿಕೊಂಡ ಆ ಮೂರು ಬೆಳಗುಗಳು. ಮಗಳಿಗೆ ಕೊಟ್ಟ ವಿಶ್ರಾಂತಿಯ ಫಲ ಎಂದು ತಿಳಿದದ್ದು ಯಾರಿಗೆ ಸಿಕ್ಕ ಯಾವ ವಿಶ್ರಾಂತಿ ಎಂದು ಯೋಚಿಸಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಆ ಮೂರು ದಿನ ಮನೆಯಲ್ಲಿ ಎಲ್ಲವೂ ಇತ್ತು, ಒಲೆ, ಅಂಗಡಿ, ಮಗಳು, ಇದೇ ಕುರ್ಚಿ. ಅವನೊಬ್ಬನು ಇರಲಿಲ್ಲ. ಬೈಗುಳ ಗಂಟಲಲ್ಲೇ ಇಂಗಿಹೋಯಿತು. ರಾತ್ರಿಯೆಲ್ಲ ತನ್ನಿಂದ ಎರಡು ಗೇಣು ದೂರದಲ್ಲಿ ಮಲಗಿ ಆ ತೋಳು ಹಸಿರು ಬೆಳಕು ಬಿಡುತ್ತಿದ್ದದ್ದನ್ನು ತಾನು ಒಂದು ದಿನವೂ ಕಾಣಲಿಲ್ಲವಲ್ಲ ಎಂದು ಅವನಿಗೆ ಬಹಳ ನಾಚಿಕೆಯಾಯಿತು.

ಕುರ್ಚಿ ಎಳೆದುಕೊಂಡು ಕೂತ. ಅವಳು ಅವನ ಟೀ ಲೋಟದಲ್ಲೇ ನೀರು ತಂದು ಮುಂದಿಟ್ಟಳು. ಇವನು ಬೈಯಲಿಲ್ಲವೆಂದು ಅವಳಿಗೆ ತುಸು ಧೈರ್ಯ ಬಂದಿರಬೇಕು, ಅಥವಾ ಅಷ್ಟು ದಿನದಿಂದ ಒಳಗಿಟ್ಟುಕೊಂಡದ್ದು ತಾನಾಗಿ ಬಂತೋ ಏನೋ.

“ನಂಗೂ ಹೇಳೋಕೆ ಮನಸ್ಸಿರಲಿಲ್ಲ, ನಿಜ ಹೇಳ್ಬೇಕಂದ್ರೆ,” ಎಂದಳು. “ದಿನಾ ಬೆಳಿಗ್ಗೆ ನೀವು ಕೇಳ್ತಿದ್ರಲ್ಲ, ನಿದ್ದೆ ಬಂತಾ, ಮನಸ್ಸಿಗೆ ಏನಾದ್ರೂ ಹಚ್ಕೊಂಡಿದ್ದೀಯಾ, ಹೇಳು, ಬೈಯಲ್ಲ ಅಂತ. ಒಲೆ ಕಡೆ ತಿರುಗಿ ನಿಂತು ನಾನು ಉತ್ತರ ಹೇಳ್ಕೋತಿದ್ದೆ. ಆ ಹಾಲೂ ನಾನೇ ಕುಡೀತಿದ್ದೆ.”

ಹೇಳಿ ನಕ್ಕಳು. ಊಟದ ದಿನ ಬಡಿಸುತ್ತ ನಕ್ಕ ನಗು ಅದಲ್ಲ. ಅವನು ನೀರಿನ ಲೋಟವನ್ನೇ ನೋಡುತ್ತಿದ್ದ, ಅದರ ಹಿಡಿಕೆ ಅವನ ಬಲಗೈ ಕಡೆಗೇ ಇತ್ತು. ಆಗ ಬಾಯಿಗೆ ಬಂದದ್ದು ಒಂದೇ ಪ್ರಶ್ನೆ, ಅದನ್ನೂ ಕೇಳಬೇಕೋ ಬೇಡವೋ ತಿಳಿಯದೆ ಕೇಳಿದ: ಗೋಡೆಗೆ ಯಾವ ಬಣ್ಣ ಅಂದ್ಕೊಂಡಿದ್ದೆ. ಅವಳಿಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಮುಖ ತಿರುಗಿಸಿಕೊಂಡಳು. ಅದೆಲ್ಲಾ ಯಾಕೆ ಈಗ, ಬಿಡ್ರಿ ಎಂದಳು. ಅವನು ಬಿಟ್ಟ.

ಕಾರ್ಯದರ್ಶಿಗೆ ಫೋನು ಮಾಡಿ ಮಗಳ ಹೆಸರು ಕಳಿಸು ಎಂದ. ಆ ಕಡೆಯಿಂದ, ಎದೆ ಹಸಿರಾಯ್ತೇನೋ ಡಾಕ್ಟ್ರೇ ಎಂದು ನಗು ಕೇಳಿಸಿತು. ಅವಳ ಎದೆ ಯಾವತ್ತೂ ಚೆನ್ನಾಗೇ ಇತ್ತು, ನೋಡೋಕೆ ನನಗೇ ಬರಲಿಲ್ಲ ಎಂದ. ಫೋನಿಟ್ಟು ತಿರುಗಿದಾಗ ಹೆಂಡತಿ ಒಳಗಿನಿಂದ ಪಟ್ಟಿಯನ್ನು ತಂದು ಮೇಜಿನ ಮೇಲೆ, ಅವನ ಮುಂದೆ ಇಟ್ಟು ನಿಂತಿದ್ದಳು. ಬೂದು ಬಣ್ಣದ, ಸ್ವಲ್ಪ ಜುಂಗುಜುಂಗಾದ ಪಟ್ಟಿ.

“ಕೆಂಪು ಬಂದ್ರೆ ಮಕ್ಕಳಿಗೆ ಏನ್ ಮಾಡ್ತೀರಿ ನೀವು?” ಎಂದು ಕೇಳಿದಳು. ನಿಜವಾಗಿ ತಿಳಿದುಕೊಳ್ಳಲೆಂದೇ ಕೇಳಿದ ಹಾಗಿತ್ತು.

“ಭಾರ ಇಳಿಸ್ತೀವಿ,” ಎಂದ. ಬಾಯಿಗೆ ರೂಢಿಯಾದ ಉತ್ತರ, ಯೋಚಿಸುವ ಮೊದಲೇ ಬಂದಿತ್ತು. ಹೇಳಿದ ಮೇಲೆ ಆ ಮಾತು ಅವನಿಗೇ ಕೇಳಿಸಿತು.

ಅವಳು ತಲೆಯಾಡಿಸಿದಳು. ಮೇಜಿನ ಮೇಲೆ ಇಲ್ಲದ ಪುಡಿಯನ್ನು ಅಂಗೈಯಿಂದ ಗುಡಿಸಿದಳು. ಆಮೇಲೆ, ಗಿರಾಕಿಗೆ ಈ ಫ್ರೇಮು ಹಾಕಿ ನೋಡಿ ಎಂದು ಮುಂದೆ ಸರಿಸುವ ದನಿಯಲ್ಲಿ, ಅವನ ಮುಖ ನೋಡದೆ ಹೇಳಿದಳು. “ಮುಂದಿನ ವಾರ ಆ ಹುಡುಗರ ಶಿಬಿರ ಇದ್ಯಂತಲ್ಲ, ಹತ್ತು ದಿನ. ಹೋಗ್ಬನ್ನಿ ನೀವು.”

ಅದರಲ್ಲಿ ಸಿಟ್ಟಿನ ಸೊಲ್ಲೇ ಇರಲಿಲ್ಲ. ಅವನು ಅವಳ ಕೈಯನ್ನು ನೋಡಿದ, ಅದು ಮೇಜಿನ ಮೇಲೆ ಹಾಗೇ ನಿಂತಿತ್ತು, ಉತ್ತರಕ್ಕೆ ಕಾಯುತ್ತಿರುವುದು ಆ ಕೈಯೇ ಎಂಬಂತೆ. ಹೋಗ್ತೀನಿ ಎಂದ. ತಲೆ ಎತ್ತಿ ಇನ್ನೊಮ್ಮೆ ಸರಿಯಾಗಿ ಹೇಳಿದ. ಹೋಗ್ತೀನಿ.

ಆಮೇಲೆ ಏನು ಮಾಡಬೇಕೆಂದು ತಿಳಿಯದೆ, ತನಗೆ ಗೊತ್ತಿದ್ದ ಒಂದೇ ಕೆಲಸ ಮಾಡಿದ. ಫೋನು ತೆಗೆದು ಆ ಪಟ್ಟಿಗಿದ್ದ ಮಗಳ ಹೆಸರು ಅಳಿಸಿ ಹೆಂಡತಿಯ ಹೆಸರು ಹಾಕಿದ. ನಿನಗೆ ಬೇಕಿದ್ದರೆ ಮಾತ್ರ, ಇಲ್ಲದಿದ್ದರೆ ಬಿಸಾಡು ಎಂದ. ಅವಳು ಪಕ್ಕದ ಕುರ್ಚಿಯಲ್ಲಿ ಕೂತಳು. ಫೋನು ವಯಸ್ಸು ಕೇಳಿತು, ಹೇಳಿದ. ಎತ್ತರ ಕೇಳಿತು, ಅವನು ಹೇಳಿದ್ದನ್ನು ಅವಳು ತಿದ್ದಿದಳು. ತೂಕ ಕೇಳಿತು, ಅವಳೇ ಹೇಳಿದಳು. ಕೊನೆಗೆ ನಿಮ್ಮ ಗುರಿ ಏನು ಎಂದು ಕೇಳಿತು. ಓಟ, ಈಜು, ತೂಕ ಇಳಿಸುವುದು, ಇನ್ನೂ ಏನೇನೋ. ಗುರಿ ಏನು ಅಂತ ಕೇಳ್ತಿದೆ ಎಂದು ಓದಿ ಹೇಳಿದ. ಅದನ್ನು ಖಾಲಿ ಬಿಡಿ ಎಂದಳು ಅವಳು.

ಒಂದೇ ಕೈಯಲ್ಲಿ ಆ ಕೊಂಡಿ ಹಾಕಲು ಕಷ್ಟ. ಇಷ್ಟು ದಿನ ಹೇಗೆ ಹಾಕಿಕೊಳ್ಳುತ್ತಿದ್ದಳೋ, ಹಲ್ಲಿನಿಂದ ಎಳೆಯುತ್ತಿದ್ದಳೇನೋ. ಅವಳು ತೋಳು ಮಡಚಿ ಅವನ ಕಡೆ ಚಾಚಿದಳು. ಹಳೆಯ ಗುರುತನ್ನು ಬಿಟ್ಟು ಒಂದು ಬೆರಳು ಮೇಲೆ, ಮಕ್ಕಳಿಗೆ ಕಟ್ಟುವ ಹಾಗೆಯೇ ಪಟ್ಟಿ ಸುತ್ತಿದ. ಹೆಚ್ಚು ಬಿಗಿಯಾಯಿತೇ ಎಂದು ನೋಡಲು, ಎಲ್ಲರಿಗೂ ಮಾಡುವಂತೆ, ಒಳಗೆ ಒಂದು ಬೆರಳು ತೂರಿಸಿದ. ಬೆರಳಿಗೆ ಬಡಿತ ಸಿಕ್ಕಿತು. ಇನ್ನು ಹತ್ತು ದಿನ ಬೇರೆ ಊರಿನ ಯಾವುದೋ ಮಂಚದ ಮೇಲೆ ಕೂತು, ಬೆಳಿಗ್ಗೆ ಕಣ್ಣು ಬಿಡುವ ಮೊದಲೇ ಫೋನಿಗೆ ಕೈ ಹಾಕಿ, ಹಸಿರು ಬರಲಿ ಎಂದೇ ಅವನು ಬೇಡಿಕೊಳ್ಳಬೇಕು. ಬಂದೇ ಬರುತ್ತದೆ. ಬಂದ ಮೇಲೆ ಮನೆಗೆ ಹೇಗೆ ಹಿಂತಿರುಗುವುದೆಂದು ಅವನಿಗೆ ಯಾವ ಶಾಸ್ತ್ರವೂ ಹೇಳಿಕೊಟ್ಟಿರಲಿಲ್ಲ. ಬೆರಳನ್ನು ತೆಗೆಯದೆ, ಬಿಗಿಯಾಯ್ತಾ ಎಂದು ಕೇಳಿದ.

“ಅಭ್ಯಾಸ ಆಗಿದೆ ಬಿಡಿ,” ಎಂದಳು ಅವಳು.